70 ಆಂಪ್ ತೆಗೆದು 90 ಹಾಕಿಸಿದೆ, 130 ಬೇಡ ಅಂದೆ: ಮನೆ ಕಾರಿನ ಆಲ್ಟರ್ನೇಟರ್ ವಿಮರ್ಶೆ

ಮೊದಲು ತೀರ್ಪು ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೂ ಉಪಯೋಗವಾಗಲಿ. ನಮ್ಮದು ಸಣ್ಣ ಪೆಟ್ರೋಲ್ ಎಂಜಿನ್ನಿನ ಐದು ಸೀಟಿನ ಕಾರು. ಎಂಜಿನ್ ಓಡುವಾಗ ಬೆಲ್ಟಿನಿಂದ ತಿರುಗಿ ಕರೆಂಟ್ ತಯಾರಿಸುವ, ಬ್ಯಾಟರಿ ತುಂಬುವ ಭಾಗವೇ ಆಲ್ಟರ್ನೇಟರ್, ಅದು ಕೊಡುವ ಕರೆಂಟಿನ ಅಳತೆ ಆಂಪ್. ಫ್ಯಾಕ್ಟರಿಯಿಂದ ಬಂದದ್ದು 70 ಆಂಪ್ ಆಲ್ಟರ್ನೇಟರ್. ಈಗ ಆ ಜಾಗದಲ್ಲಿ 90 ಆಂಪ್‌ನದು ಕೂತಿದೆ. ಅದೇ ಮಾಡೆಲ್‌ನ ಮೇಲಿನ ವೇರಿಯಂಟ್‌ಗೆ ತಯಾರಕರೇ ಕೊಡುವ ಸೈಜು ಅದು, ಬ್ರಾಕೆಟ್ಟೂ ಒಂದೇ, ಕನೆಕ್ಟರೂ ಒಂದೇ. ಹೊಸದಾಗಿ ಬೇರಿಂಗ್, ಬ್ರಷ್, ವೋಲ್ಟೇಜ್ ಹಿಡಿದಿಡುವ ರೆಗ್ಯುಲೇಟರ್ ಹಾಕಿ ರೀಕಂಡೀಷನ್ ಮಾಡಿದ ಪೀಸ್. ನನಗೆ ತುಂಬಾ ಹಿಡಿಸಿದೆ. ಜೊತೆಗೆ 130 ಆಂಪ್ ಅಂತ ಬರೆದಿದ್ದ ಇನ್ನೊಂದೂ ಸಿಗುತ್ತಿತ್ತು. ಅದನ್ನು ಬೇಡ ಅಂದೆ. ಯಾಕೆ ಬೇಡ ಅಂದೆ ಅನ್ನುವುದೇ ಈ ವಿಮರ್ಶೆಯ ಮುಖ್ಯ ಭಾಗ, ಯಾಕೆಂದರೆ ಆಲ್ಟರ್ನೇಟರ್ ಕೊಳ್ಳುವವರು ಹೆಚ್ಚಿನವರು ದೊಡ್ಡ ಸಂಖ್ಯೆ ನೋಡಿ ತೆಗೆದುಕೊಳ್ಳುತ್ತಾರೆ, ಆ ದೊಡ್ಡ ಸಂಖ್ಯೆ ನಮ್ಮ ದಿನನಿತ್ಯದ ಓಡಾಟದಲ್ಲಿ ಕೈಗೆ ಸಿಗುವುದೇ ಇಲ್ಲ.

ಹಳೆಯದಕ್ಕೆ ಏನಾಗಿತ್ತು? ಕೆಟ್ಟಿರಲಿಲ್ಲ. ಇದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಮಳೆಯ ರಾತ್ರಿ ಟ್ರಾಫಿಕ್‌ನಲ್ಲಿ ನಿಂತಾಗ ಹೆಡ್‌ಲೈಟ್ ಮಂಕಾಗುತ್ತಿತ್ತು. ರೇಡಿಯೇಟರ್ ಫ್ಯಾನ್ ಆನ್ ಆದ ಕೂಡಲೇ ಡ್ಯಾಶ್‌ಬೋರ್ಡ್ ಬೆಳಕು ಒಮ್ಮೆ ಕುಗ್ಗುತ್ತಿತ್ತು, ಪವರ್ ವಿಂಡೋ ಮೆಲ್ಲಗೆ ಏರುತ್ತಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ದಣಿದ ಸದ್ದು. ಒಂದು ಗ್ಯಾರೇಜಿನಲ್ಲಿ ನೋಡಿದವರೇ ಬ್ಯಾಟರಿ ಹೋಗಿದೆ, ಬದಲಾಯಿಸಿ ಅಂದರು. ಮೀಟರ್ ಹಿಡಿಯಲೇ ಇಲ್ಲ. ಮೀಟರ್ ಹಿಡಿಯದೆ ಬ್ಯಾಟರಿ ಬದಲಾಯಿಸಿ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ.

ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟ ಮೇಲೆ ಬ್ಯಾಟರಿಯ ಎರಡು ಟರ್ಮಿನಲ್ ಮಧ್ಯೆ 12.6 ವೋಲ್ಟ್ ಆಸುಪಾಸು ಇದ್ದರೆ ಅದು ತುಂಬಿದೆ ಅಂತ ಅರ್ಥ. ಎಂಜಿನ್ ಶುರುಮಾಡಿ, ಏನನ್ನೂ ಹಾಕದೆ ನೋಡಿದರೆ 13.8 ರಿಂದ 14.4 ಒಳಗೆ ಬರಬೇಕು. ನಮ್ಮದರಲ್ಲಿ 14.2 ಬಂತು. ಅಲ್ಲಿಗೆ ಎಲ್ಲ ಸರಿ ಅನ್ನಿಸುತ್ತದೆ, ಅಲ್ವಾ? ಆಮೇಲೆ ಹೆಡ್‌ಲೈಟ್, ಎಸಿ, ಬ್ಲೋವರ್ ಪೂರ್ತಿ, ಹಿಂದಿನ ಗಾಜಿನ ಮಂಜು ತೆಗೆಯುವ ಡಿಫಾಗರ್, ವೈಪರ್ ಎಲ್ಲ ಹಾಕಿ ಐಡ್ಲಿಂಗ್‌ನಲ್ಲೇ, ಅಂದರೆ ಆಕ್ಸಿಲರೇಟರ್ ಒತ್ತದೆ, ಬಿಟ್ಟೆ. ವೋಲ್ಟೇಜ್ 12.3 ಕ್ಕೆ ಬಂತು, ಅಲ್ಲಿಯೂ ನಿಲ್ಲದೆ ಮೆಲ್ಲಗೆ ಇಳಿಯುತ್ತಲೇ ಇತ್ತು. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಎಂಜಿನ್ 2000 ಆರ್‌ಪಿಎಂಗೆ (ನಿಮಿಷಕ್ಕೆ 2000 ಸುತ್ತು) ತಂದರೆ ತಟ್ಟನೆ 13.9. ಈ ಒಂದು ಪರೀಕ್ಷೆಯಲ್ಲೇ ವಿಷಯ ಬಯಲಾಯಿತು. ರೆಗ್ಯುಲೇಟರ್ ಸರಿ ಇದೆ, ಬೆಲ್ಟ್ ಜಾರುತ್ತಿಲ್ಲ. ಆದರೆ ನಿಂತಲ್ಲಿ ಕಾರು ಕೇಳುವಷ್ಟು ಕರೆಂಟ್ ಅದಕ್ಕೆ ಕೊಡಲಾಗುತ್ತಿಲ್ಲ. ಬಾಕಿ ಬಿದ್ದದ್ದನ್ನು ಬ್ಯಾಟರಿ ತುಂಬುತ್ತಿತ್ತು, ದಿನಾ ಸಂಜೆ ಹೀಗೆ ಖಾಲಿಯಾದರೆ ಯಾವ ಬ್ಯಾಟರಿ ತಾನೇ ಬಾಳುತ್ತದೆ?

ಮೀಟರನ್ನು ಎಸಿ ವೋಲ್ಟ್‌ಗೆ (ಇಲ್ಲಿ ಎಸಿ ಅಂದರೆ ದಿಕ್ಕು ಬದಲಿಸುವ ಕರೆಂಟ್, ತಂಪು ಮಾಡುವ ಎಸಿ ಅಲ್ಲ) ತಿರುಗಿಸಿ ಬ್ಯಾಟರಿಗೇ ಹಿಡಿದು ಇನ್ನೊಂದನ್ನೂ ನೋಡಿಕೊಂಡೆ. ಲೋಡ್ ಇದ್ದಾಗ, ಅಂದರೆ ಲೈಟು, ಬ್ಲೋವರ್ ಎಲ್ಲ ಆನ್ ಇದ್ದಾಗ, ಅಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಕೈಕೊಟ್ಟಿದೆ ಅಂತ ಅನುಮಾನಿಸಬೇಕು. ಡಯೋಡ್ ಹೋದ ಆಲ್ಟರ್ನೇಟರ್ ಎಷ್ಟು ದೊಡ್ಡದಾದರೂ ಅರೆಬರೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ರಾತ್ರಿಯಿಡೀ ಬ್ಯಾಟರಿಯನ್ನೂ ಹೀರುತ್ತದೆ. ಅಂಥ ಕಡೆ ಸೈಜು ಹೆಚ್ಚಿಸುವ ಮಾತೇ ಬರುವುದಿಲ್ಲ, ರಿಪೇರಿ ಮಾಡಿಸಿದರೆ ಮುಗಿಯಿತು. ನಮ್ಮದರಲ್ಲಿ ಆ ತೊಂದರೆ ಇರಲಿಲ್ಲ.

ಸರಿ, ಎಷ್ಟು ಆಂಪ್ ಬೇಕು? ಲೆಕ್ಕ ಹಾಕುವುದು ಕಷ್ಟವಲ್ಲ. ವ್ಯಾಟ್ಸನ್ನು ವೋಲ್ಟಿನಿಂದ ಭಾಗಿಸಿದರೆ ಆಂಪ್. 55 ವ್ಯಾಟಿನ ಎರಡು ಹ್ಯಾಲೋಜನ್ ಬಲ್ಬ್ ಅಂದರೆ 110 ವ್ಯಾಟ್, 13.5 ರಿಂದ ಭಾಗಿಸಿದರೆ 8 ಆಂಪ್. ಎಂಜಿನ್ ಓಡುವುದಕ್ಕೇ, ಅಂದರೆ ಫ್ಯುಯೆಲ್ ಪಂಪ್, ಇಂಜೆಕ್ಟರ್, ಇಗ್ನಿಷನ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲ ಸೇರಿ ಸುಮಾರು 10. ಬ್ಲೋವರ್ ಪೂರ್ತಿ ಇಟ್ಟರೆ 14, ರೇಡಿಯೇಟರ್ ಫ್ಯಾನ್ 12, ಎಸಿ ಕ್ಲಚ್ 3, ಡಿಫಾಗರ್ 12, ವೈಪರ್ 4. ಟೈಲ್ ಲೈಟು, ನಂಬರ್ ಪ್ಲೇಟ್ ಲೈಟು, ಡ್ಯಾಶ್‌ಬೋರ್ಡ್ ಸೇರಿ 3, ಬ್ರೇಕ್ ಲೈಟ್ 3, ಸ್ಕ್ರೀನ್ ಮತ್ತು ಹಾಡು 3, ಹಿಂದೆ ಮುಂದೆ ಚಾರ್ಜಿಗೆ ಹಾಕಿದ ಫೋನ್‌ಗಳಿಗೆ 3. ಕೂಡಿಸಿದರೆ 75 ಆಂಪ್. ಇದು ನಮ್ಮ ಕಾರಿನ ಲೆಕ್ಕ, ತಂತಿ ಬಿಚ್ಚದೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಒಂದೊಂದು ತಂತಿಗೆ ಹಿಡಿದು ನೋಡಿದ್ದು. ನಿಮ್ಮ ಕಾರಿನಲ್ಲಿ ಬೇರೆ ಬರುತ್ತದೆ. ಸೀಟ್ ಹೀಟರ್ ಇದ್ದರೆ ಒಂದೊಂದಕ್ಕೆ 3 ರಿಂದ 5 ಸೇರಿಸಿ, ಡಿಕ್ಕಿಯಲ್ಲಿ 12 ವೋಲ್ಟಿನ ಕೂಲರ್ ಪೆಟ್ಟಿಗೆ ಇಟ್ಟುಕೊಳ್ಳುವವರು ಇನ್ನೊಂದು 4 ಸೇರಿಸಿ. ಡೀಸೆಲ್ ಕಾರುಗಳ ಕ್ಯಾಬಿನ್ ಬೆಚ್ಚಗಿಡುವ ಎಲೆಕ್ಟ್ರಿಕ್ ಹೀಟರ್ ಒಂದೇ 1000 ವ್ಯಾಟ್ ಆಸುಪಾಸು ತಿನ್ನುತ್ತದೆ, ಅಂದರೆ 70 ಆಂಪ್‌ಗಿಂತ ಮೇಲೆ. ಅಂಥ ಕಾರುಗಳಿಗೆ 150 ಆಂಪ್ ಆಲ್ಟರ್ನೇಟರ್ ಕೊಡುವುದು ಸುಮ್ನೆ ಅಲ್ಲ.

ಈ 75 ಒಟ್ಟಿಗೇ, ಸದಾ ಇರುವುದಿಲ್ಲ. ಡಿಫಾಗರ್ ಕೆಲವು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಫ್ಯಾನ್ ಬಂದುಹೋಗಿ ಮಾಡುತ್ತದೆ. ಹಾಗಾಗಿ ಸರಾಸರಿ 55 ರಿಂದ 60. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಪಾರ್ಕ್ ಮಾಡುವಾಗ ಒಂದು ಕ್ಷಣ 50, 60 ಆಂಪ್ ಎಳೆಯಬಹುದು, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಂಥ ಕ್ಷಣದ ಎಳೆತಕ್ಕೆ ಬ್ಯಾಟರಿ ಇದೆ, ಅದರ ಕೆಲಸವೇ ಅದು.

ಅಂದರೆ 70 ಆಂಪ್‌ನದೇ ಸಾಕಿತ್ತಲ್ಲ ಅಂತ ಕೇಳಬಹುದು. ಇಲ್ಲಿದೆ ನೋಡಿ ತಿರುಳು. ಆಲ್ಟರ್ನೇಟರ್ ಮೇಲೆ ಬರೆಯುವ 70, 90, 130 ಎಲ್ಲವೂ ಅದರ ಶಾಫ್ಟ್ 6000 ಆರ್‌ಪಿಎಂನಲ್ಲಿ ತಿರುಗುವಾಗ, 13.5 ವೋಲ್ಟ್‌ನಲ್ಲಿ, ಸುಮಾರು 25 ಡಿಗ್ರಿಯ ತಂಪು ಜಾಗದಲ್ಲಿ ಅಳೆದದ್ದು. ಐಎಸ್ಒ 8854 ಅನ್ನುವ ಅಂತಾರಾಷ್ಟ್ರೀಯ ಮಾನದಂಡ ಹಾಗೆ ಅಳೆಯಬೇಕು ಅನ್ನುತ್ತದೆ. ಅದೇ ಮಾನದಂಡದಲ್ಲಿ ಇನ್ನೊಂದು ಸಂಖ್ಯೆಯೂ ಇದೆ, 1500 ಆರ್‌ಪಿಎಂನಲ್ಲಿ ಎಷ್ಟು ಕೊಡುತ್ತದೆ ಅನ್ನುವುದು. ಮೈಮೇಲಿನ ಲೇಬಲ್‌ನಲ್ಲಿ 50/90 ಅಂತ ಅಥವಾ 50-90 ಅಂತ ಇದ್ದರೆ ಮೊದಲಿನ 50 ಅದೇ. ನಮಗೆ ಬೇಕಾದ ಸಂಖ್ಯೆ ಆ ಮೊದಲನೆಯದು. ಅದನ್ನು ನೋಡುವವರು ಎಷ್ಟು ಕಡಿಮೆ!

ಯಾಕೆ ಬೇಕು ಅಂದರೆ, ಎಂಜಿನ್ ಐಡ್ಲಿಂಗ್ 750 ಆರ್‌ಪಿಎಂ. ಬೆಲ್ಟ್ ಎಳೆಯುವ ಎಂಜಿನ್ ಕಡೆಯ ಕ್ರ್ಯಾಂಕ್ ಪುಲ್ಲಿ ದೊಡ್ಡದು, ಆಲ್ಟರ್ನೇಟರ್ ಪುಲ್ಲಿ ಚಿಕ್ಕದು, ಹೆಚ್ಚಿನ ಕಾರುಗಳಲ್ಲಿ ಎರಡೂವರೆಯಿಂದ ಮೂರು ಪಟ್ಟು ವ್ಯತ್ಯಾಸ. ನಮ್ಮದರಲ್ಲಿ 2.7. ಹಾಗಾಗಿ ನಿಂತಾಗ ಆಲ್ಟರ್ನೇಟರ್ ತಿರುಗುವುದು 2000 ಆರ್‌ಪಿಎಂನಲ್ಲಿ, ಎಸಿ ಹಾಕಿ ಐಡ್ಲಿಂಗ್ 850ಕ್ಕೆ ಏರಿದರೆ 2300. ಲೇಬಲ್ಲಿನ 6000ಕ್ಕೆ ಇದು ಎಲ್ಲಿಯ ಸಾಟಿ? ಮೇಲಿಂದ ಬಿಸಿ ಬೇರೆ. ತಾಮ್ರ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಡಿಗ್ರಿಗೆ ಸುಮಾರು ಶೇ 0.39. ಬಾನೆಟ್ ಒಳಗೆ ತಂತಿಸುರುಳಿ 80 ಡಿಗ್ರಿ ಹೆಚ್ಚು ಕಾದರೆ ಶೇ 30 ರಷ್ಟು ಜಾಸ್ತಿ. ಒಳಗೆ ತಿರುಗುವ ರೋಟರ್‌ನ ಕಾಂತೀಯ ಬಲ ಕುಗ್ಗುತ್ತದೆ, ಕರೆಂಟೂ ಕುಗ್ಗುತ್ತದೆ. ನಮ್ಮ ಹಳೆಯ 70 ಆಂಪ್‌ನದು ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ 42 ಆಂಪ್ ಕೊಡುತ್ತಿತ್ತು, ಅಷ್ಟೇ. ಕೇಳುತ್ತಿರುವುದು 55, 60. ಕಾರಿನಲ್ಲಿ ಏನೂ ಕೆಟ್ಟಿಲ್ಲ, ಆದರೂ ಬ್ಯಾಟರಿ ಸೋಲುತ್ತಿದೆ, ಕಾರಣ ಈ ಅಂತರ.

ಈಗ 130 ಆಂಪ್ ಪೀಸ್‌ನ ವಿಷಯ. ಅದು ಬೇರೆ ಕಂಪನಿಯ ಹೊಸ ಡಿಸೈನ್ ಅಲ್ಲ. ನಮ್ಮದೇ ಸೈಜಿನ ಬಾಡಿಯೊಳಗೆ ಸ್ಟೇಟರನ್ನು, ಅಂದರೆ ಕರೆಂಟ್ ಹುಟ್ಟುವ ತಿರುಗದ ತಂತಿಸುರುಳಿಯನ್ನು, ಮತ್ತೆ ಸುತ್ತಿ ಔಟ್‌ಪುಟ್ ಹೆಚ್ಚಿಸಿದ್ದು. ಜೊತೆಗೆ ಟೆಸ್ಟ್ ಶೀಟ್ ಕೇಳಿದೆ, ಕೊಟ್ಟರು, ಅದಕ್ಕೆ ಮಾರಿದವರನ್ನು ಮೆಚ್ಚಬೇಕು. ಶೀಟ್‌ನಲ್ಲಿ 6000 ಆರ್‌ಪಿಎಂಗೆ 130 ನಿಜಕ್ಕೂ ಇದೆ. 1500ಕ್ಕೆ 28. 2000ಕ್ಕೆ 44. ಅಂದರೆ ನಿಂತ ಕಾರಿನಲ್ಲಿ ಅದು ನಮ್ಮ ಹಳೆಯ 70 ಆಂಪ್‌ನದರಷ್ಟೇ ಕೊಡುತ್ತದೆ! ಇದರಲ್ಲಿ ಮೋಸ ಏನೂ ಇಲ್ಲ, ಸ್ಟೇಟರ್ ಸುತ್ತುವ ರೀತಿಯೇ ಹಾಗೆ. ದಪ್ಪ ತಂತಿಯನ್ನು ಕಡಿಮೆ ಸುತ್ತು ಸುತ್ತಿದರೆ ಮೇಲಿನ ವೇಗದಲ್ಲಿ ಕರೆಂಟ್ ಜಾಸ್ತಿ ಬರುತ್ತದೆ, ಆದರೆ ಸುತ್ತು ಕಡಿಮೆಯಾದ್ದರಿಂದ ಬ್ಯಾಟರಿಯ ವೋಲ್ಟೇಜ್ ಮುಟ್ಟಲು ಜಾಸ್ತಿ ವೇಗ ಬೇಕಾಗುತ್ತದೆ. ಕೆಳಗೆ ಕಳೆದುಕೊಂಡು ಮೇಲೆ ಪಡೆದುಕೊಂಡ ಹಾಗೆ. ಹೈವೇಯಲ್ಲೇ ಓಡುವ, ದೊಡ್ಡ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ ಅದು ಒಳ್ಳೆಯ ಮಾಲು. ಶಾಲೆ, ಆಫೀಸು, ಸಿಗ್ನಲ್ಲು ಅಂತ ಓಡುವ ಮನೆ ಕಾರಿಗೆ ಅಲ್ಲ. ದೊಡ್ಡ ಬಾಡಿಯ, ಮೊದಲಿನಿಂದಲೇ 130ಕ್ಕೆ ಮಾಡಿದ ಆಲ್ಟರ್ನೇಟರ್‌ಗಳ ಕಥೆ ಬೇರೆ, ಅವು ಕೆಳಗಿನ ವೇಗದಲ್ಲೂ ಚೆನ್ನಾಗಿ ಕೊಡುತ್ತವೆ, ಆದರೆ ನಮ್ಮ ಬ್ರಾಕೆಟ್ಟಿಗೆ ಅವು ಕೂರುವುದಿಲ್ಲ.

90 ಆಂಪ್‌ನದರ ಶೀಟ್‌ನಲ್ಲಿ 1500ಕ್ಕೆ 50, ಪೂರ್ತಿ ವೇಗಕ್ಕೆ 93 ಇತ್ತು. ಹಾಕಿಸಿ, ಒಂದು ಗಂಟೆ ಓಡಿಸಿ, ಬಾನೆಟ್ ಒಳಗೆ ಎಲ್ಲ ಕಾದ ಮೇಲೆ ಕ್ಲ್ಯಾಂಪ್ ಮೀಟರನ್ನು ದಪ್ಪ ತಂತಿಗೆ ಹಾಕಿ ನೋಡಿದೆ. ಎಸಿ, ಲೈಟು, ಬ್ಲೋವರ್, ವೈಪರ್ ಎಲ್ಲ ಆನ್, ಐಡ್ಲಿಂಗ್: 61 ಆಂಪ್, ಬ್ಯಾಟರಿಯಲ್ಲಿ 13.5 ವೋಲ್ಟ್. ಡಿಫಾಗರ್ ಕೂಡ ಹಾಕಿದರೆ 12.8ಕ್ಕೆ ಬರುತ್ತದೆ, ಅದು ಆಫ್ ಆದ ಮೇಲೆ ತಿರುಗಿ ಏರುತ್ತದೆ. ಅಷ್ಟರ ಮಟ್ಟಿಗೆ ಇದೂ ಪರಿಪೂರ್ಣ ಅಲ್ಲ. ಆದರೆ ಹೆಡ್‌ಲೈಟ್ ಮಂಕಾಗುವುದು ನಿಂತಿದೆ, ಕಿಟಕಿ ಗಾಜು ಚುರುಕಾಗಿ ಏರುತ್ತದೆ, ಹಳೇ ಬ್ಯಾಟರಿಯೇ ಬೆಳಿಗ್ಗೆ ಗಟ್ಟಿಯಾಗಿ ಸೆಲ್ಫ್ ಹೊಡೆಯುತ್ತಿದೆ. ಗ್ಯಾರೇಜಿನವರು ಎಸೆಯಲು ಹೇಳಿದ್ದ ಅದೇ ಬ್ಯಾಟರಿ.

ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ, ಜಾಸ್ತಿ ಆಂಪ್‌ನದು ಹಾಕಿದರೆ ಜಾಸ್ತಿ ಕರೆಂಟ್ ನುಗ್ಗಿ ವೈರಿಂಗ್ ಸುಡುತ್ತದೆ ಅಂತ. ಮನೆಯ ಮೇಲೆ ದೊಡ್ಡ ಟ್ಯಾಂಕ್ ಇಟ್ಟ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಜಾಸ್ತಿ ಬರುವುದಿಲ್ಲವಲ್ಲ, ಹಾಗೇ ಇದು. ವೋಲ್ಟೇಜನ್ನು ರೆಗ್ಯುಲೇಟರ್ ಹಿಡಿದಿಡುತ್ತದೆ, ಬಲ್ಬು, ಮೋಟರ್ ತಮಗೆ ಬೇಕಾದಷ್ಟು ಮಾತ್ರ ಎಳೆಯುತ್ತವೆ. ಆದರೆ ಒಂದು ತಂತಿಯ ವಿಷಯದಲ್ಲಿ ಆ ಭಯ ನಿಜ: ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ಹೋಗುವ ಬಿ ಪ್ಲಸ್ ಕೇಬಲ್. ಬ್ಯಾಟರಿ ಖಾಲಿಯಾಗಿದ್ದಾಗ ಅದೂ ಸೇರಿ ಎಳೆಯುತ್ತದೆ, ಆಗ ಪೂರ್ತಿ ಆಂಪ್ ಅಲ್ಲಿಯೇ ಹರಿಯುವುದು. 70 ರಿಂದ 90ಕ್ಕೆ ನಮ್ಮ ಕೇಬಲ್, ಫ್ಯೂಸ್ ಎರಡೂ ಸಾಕಾದವು, ಯಾಕೆಂದರೆ ಎರಡು ವೇರಿಯಂಟ್‌ಗೂ ಪಾರ್ಟ್ ನಂಬರ್ ಒಂದೇ. 130 ತೆಗೆದುಕೊಂಡಿದ್ದರೆ ಎರಡನ್ನೂ ಬದಲಾಯಿಸಲೇಬೇಕಿತ್ತು. ಹಾಕಿದ ಮೇಲೆ ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್‌ನ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಪ್ಲಸ್‌ಗೆ ಇಟ್ಟು ಲೋಡ್‌ನಲ್ಲಿ ನೋಡಿ. 0.3 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ನಮ್ಮದರಲ್ಲಿ 0.18. ಅರ್ಥ್ ಕಡೆಯೂ ಹೀಗೇ ನೋಡಬೇಕು, ಎಂಜಿನ್‌ನಿಂದ ಬಾಡಿಗೆ ಹೋಗುವ ಪಟ್ಟಿ ತುಕ್ಕು ಹಿಡಿದಿದ್ದರೆ ಎಂಥ ಆಲ್ಟರ್ನೇಟರ್ ತಂದರೂ ಹೆಡ್‌ಲೈಟ್ ಮಂಕೇ.

ಮೈಲೇಜ್ ಬಗ್ಗೆ ಕೇಳುವವರಿಗೆ: 60 ಆಂಪ್, 13.8 ವೋಲ್ಟ್ ಅಂದರೆ 828 ವ್ಯಾಟ್. ಆಲ್ಟರ್ನೇಟರ್‌ನ ದಕ್ಷತೆ ಶೇ 55 ಅಂತ ಹಿಡಿದರೆ ಎಂಜಿನ್‌ನಿಂದ ಅದು ತೆಗೆದುಕೊಳ್ಳುವುದು 1500 ವ್ಯಾಟ್, ಎರಡು ಹಾರ್ಸ್‌ಪವರ್. ಇದು ಲೋಡ್‌ಗೆ ತಕ್ಕಂತೆ, ಆಲ್ಟರ್ನೇಟರ್‌ನ ಸೈಜಿಗೆ ತಕ್ಕಂತೆ ಅಲ್ಲ. ಹಾಗಾಗಿ ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಾಣಲಿಲ್ಲ.

ಕೊರತೆಗಳೂ ಇವೆ. ಪುಲ್ಲಿ ಕೊಡಲಿಲ್ಲ, ಹಳೆಯದರಿಂದ ಬಿಚ್ಚಿ ಹಾಕಬೇಕಾಯಿತು, ಅದನ್ನು ಮೊದಲೇ ಹೇಳಬೇಕಿತ್ತು. ಹಾಕುವಾಗ ಬೆಲ್ಟಿನ ಗೀರುಗಳು, ಪುಲ್ಲಿಯ ಗೀರುಗಳು ಎಷ್ಟಿವೆ ಎಣಿಸಿ, ಒಂದು ಗೀರು ಆಚೀಚೆ ಕೂತರೆ ಬೆಲ್ಟ್ ಅಂಚು ಹರಿಯುತ್ತದೆ. ಬಿ ಪ್ಲಸ್ ನಟ್ಟಿನ ಮೇಲಿನ ರಬ್ಬರ್ ಟೊಪ್ಪಿ ಸಡಿಲ, ನಾನು ಹಳೆಯದನ್ನೇ ಹಾಕಿಸಿದೆ. ಅಲ್ಲಿ ಯಾವಾಗಲೂ ಬ್ಯಾಟರಿಯ ಕರೆಂಟ್ ಇರುತ್ತದೆ, ಸ್ಪ್ಯಾನರ್ ತಗುಲಿದರೆ ಕಿಡಿ ಹಾರುತ್ತದೆ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ. ಕೆಳಗಿನ ಬೋಲ್ಟಿನ ಬುಷ್ ಬಿಗಿಯಾಗಿತ್ತು, ಮೆಕ್ಯಾನಿಕ್ ಮೆಲ್ಲಗೆ ತಟ್ಟಿ ಕೂರಿಸಿದರು. ವೇಗ ಏರಿದಾಗ ತೆಳುವಾದ ಒಂದು ಸಿಳ್ಳು ಕೇಳುತ್ತದೆ, ಕಿಟಕಿ ಮುಚ್ಚಿದರೆ ಇಲ್ಲ. ಡಬ್ಬಿಯ ಮೇಲೆ ಬರೀ 90 ಅಂತ ದಪ್ಪಗೆ ಬರೆದಿದ್ದಾರೆ, 50 ಅನ್ನುವುದನ್ನು ಮೈಮೇಲಿನ ಸಣ್ಣ ಲೇಬಲ್‌ನಲ್ಲಿ ಹುಡುಕಬೇಕು. ಒಳ್ಳೆಯ ಗುಣವನ್ನೇ ಮುಚ್ಚಿಟ್ಟ ಹಾಗಾಯಿತು.

ಬಿಚ್ಚುವ ಮುಂಚೆ ಬ್ಯಾಟರಿಯ ಮೈನಸ್ ತೆಗೆಯಬೇಕು, ಇದು ಎಲ್ಲರಿಗೂ ಗೊತ್ತು. ಆದರೆ ಆಲ್ಟರ್ನೇಟರ್ ಪರೀಕ್ಷೆ ಅಂತ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ತಂತಿ ಕೀಳುವ ಹಳೇ ಅಭ್ಯಾಸ ಇನ್ನೂ ಕೆಲವರಲ್ಲಿದೆ. ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಬ್ಯಾಟರಿ ಕಳಚಿದ ಕ್ಷಣ ವೋಲ್ಟೇಜ್ ಹಲವು ಹತ್ತು ವೋಲ್ಟ್‌ಗೆ ಜಿಗಿಯಬಹುದು, ಇಸಿಯು, ಡಯೋಡ್ ಎರಡೂ ಹೋಗಬಹುದು.

ಹೊಸ ಕಾರುಗಳವರು ಇನ್ನೊಂದು ನೋಡಬೇಕು. ಈಗಿನ ಅನೇಕ ಕಾರುಗಳಲ್ಲಿ ವೋಲ್ಟೇಜ್ ಎಷ್ಟಿರಬೇಕು ಅಂತ ಇಸಿಯು ಆಲ್ಟರ್ನೇಟರ್‌ಗೆ ಹೇಳುತ್ತದೆ, ಬ್ಯಾಟರಿಯ ಮೈನಸ್ ಕಡೆ ಒಂದು ಸೆನ್ಸರ್ ಇರುತ್ತದೆ. ಅಂಥ ಕಾರಿಗೆ ಅದೇ ರೀತಿ ಮಾತಾಡುವ ರೆಗ್ಯುಲೇಟರ್ ಇರುವುದೇ ಬೇಕು. ಪ್ಲಗ್ ಕೂತಿತು ಅಂತ ಕೊಂಡರೆ ಬ್ಯಾಟರಿ ದೀಪ ಉರಿಯುತ್ತಲೇ ಇರುತ್ತದೆ. ಅಲ್ಲಿ ಮೀಟರಿನಲ್ಲಿ 12.8 ಕಂಡರೂ ಗಾಬರಿ ಬೇಡ, ಬ್ಯಾಟರಿ ತುಂಬಿದಾಗ ಪೆಟ್ರೋಲ್ ಉಳಿಸಲು ಬೇಕೆಂದೇ ಇಳಿಸಿರಬಹುದು, ಲೋಡ್ ಹಾಕಿ ನೋಡಿದ ಮೇಲೆ ತೀರ್ಮಾನಿಸಿ.

ಹಳೇ ಬ್ಯಾಟರಿ ಪೂರ್ತಿ ಬತ್ತಿದ್ದರೆ ಹೊಸ ಆಲ್ಟರ್ನೇಟರ್ ಹಾಕುವ ಮುಂಚೆ ಅದನ್ನು ಚಾರ್ಜರ್‌ನಲ್ಲಿ ತುಂಬಿಸಿಕೊಳ್ಳಿ. ಬತ್ತಿದ ಬ್ಯಾಟರಿ ಒಂದೇ ಸಮನೆ ಎಳೆಯುತ್ತದೆ, ಆಲ್ಟರ್ನೇಟರ್ ಮೊದಲ ದಿನವೇ ಪೂರ್ತಿ ಔಟ್‌ಪುಟ್‌ನಲ್ಲಿ ಗಂಟೆಗಟ್ಟಲೆ ಬಿಸಿಯಾಗುತ್ತದೆ, ಡಯೋಡ್‌ಗಳ ಆಯುಸ್ಸು ಕಡಿಮೆಯಾಗುವುದು ಹೀಗೇ. ನಾನು ರಾತ್ರಿಯಿಡೀ ಚಾರ್ಜಿಗಿಟ್ಟು ಬೆಳಿಗ್ಗೆ ಹಾಕಿಸಿದೆ. ಬೆಲ್ಟ್ ಹೊಸದಾಗಿದ್ದರೆ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಅದರ ಬಿಗಿತ ಇನ್ನೊಮ್ಮೆ ನೋಡಿಸಿ, ನಮ್ಮದು ಸ್ವಲ್ಪ ಸಡಿಲವಾಗಿತ್ತು, ಎಸಿ ಹಾಕಿದಾಗ ಕೀಚ್ ಅನ್ನುತ್ತಿತ್ತು, ಬಿಗಿ ಮಾಡಿದ ಮೇಲೆ ಹೋಯಿತು.